ಪಳ್ಳಿ, ಹಳ್ಳಿ, ವಲಿ: ಒಂದು ಶಬ್ದದ ಅರ್ಥವಿಮರ್ಶೆ

ವಿಲೆ ಪಾರ್ಲೆಯಿಂದ ಉತ್ತರಕ್ಕೆ ಸಾಗುವ ರೈಲುಮಾರ್ಗದಲ್ಲಿ ಕಾಂದಿವಲಿ, ಬೋರಿವಲಿಗಳು ಒಂದರ ಹಿಂದೊಂದು ಬರುತ್ತವೆ. ಮಧ್ಯ ರೈಲುಮಾರ್ಗದಲ್ಲಿ ಡೊಂಬಿವಲಿ, ಆಂಬಿವಲಿಗಳಿವೆ. ಇವುಗಳ ಕೊನೆಯ ‘ವಲಿ’ಯು ಕನ್ನಡದ ‘ಹಳ್ಳಿ’ಯೇ ಎಂಬ ಮಾತು ಮುಂಬಯಿ ಕನ್ನಡಿಗರ ಕೂಟಗಳಲ್ಲಿ ಆಗಾಗ ಕೇಳಿಬರುತ್ತದೆ. ಅಲ್ಲಿಂದ ಮುಂದಕ್ಕೆ, ಈ ಊರುಗಳಿಗೆ ಹೆಸರಿಟ್ಟವರು ಕನ್ನಡಿಗರು, ಆದುದರಿಂದ ಈ ನೆಲವೂ ಒಂದು ಕಾಲಕ್ಕೆ ಕನ್ನಡದ್ದು ಎಂಬ ತೀರ್ಮಾನಕ್ಕೆ ಹೋಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹೊರನಾಡಿನಲ್ಲಿ ನೆಲೆಸಿದವರಿಗೆ ಇಂಥ ತೀರ್ಮಾನ ಹಿತವಾಗಿರುವುದು ಸಹಜ. ಆದರೆ ಮಾತಿನ ಹಿತವೂ ಅದರ ಸತ್ಯವೂ ಬೇರೆ ಬೇರೆ ಪ್ರಮಾಣಗಳಿಂದ ಅಳೆಯತಕ್ಕ ವಸ್ತುಗಳು. ಇಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ: ‘ಪಳ್ಳಿ’ ಶಬ್ದದ ಮೂಲಾರ್ಥವೇನು? ಅದು ಕೊಂಕಣಕ್ಕೆ ಬಂದ ದಾರಿ ಯಾವುದು? ಆ ದಾರಿಯಿಂದ ಹೆಸರಿಟ್ಟವರ ಭಾಷೆ ತಿಳಿಯುತ್ತದೆಯೆ?

ಶಬ್ದದ ಅರ್ಥವನ್ನು ಕುರಿತು ಮುಂಬಯಿಯ ಕನ್ನಡಿಗರಲ್ಲಿಯೇ ಎರಡು ಕಿವಿಗಳಿವೆ. ಧಾರವಾಡ, ವಿಜಾಪುರಗಳ ಕಡೆಯಿಂದ ಬಂದವರಿಗೆ ‘ಹಳ್ಳಿ’ ಎಂದರೆ ಚಿಕ್ಕ ಊರು. ಅದರಾಚೆಗೆ ಮತ್ತೊಂದು ಅರ್ಥ ಹೊಳೆಯದು. ಮಂಗಳೂರು, ಉಡುಪಿ, ಕಾಸರಗೋಡುಗಳ ಕಡೆಯಿಂದ ಬಂದವರು ‘ಹಳ್ಳಿ’ಯನ್ನು ಬಲ್ಲರಾದರೂ ‘ಪಳ್ಳಿ’ ಎಂಬುದನ್ನು ಕೇಳಿದೊಡನೆ ಅವರಿಗೆ ನೆನಪಾಗುವುದು ಮಸೀದಿ. ತುಳು, ಬ್ಯಾರಿ, ಮಲೆಯಾಳ ಮಾತುಗಳಲ್ಲಿ ಅದು ನಿತ್ಯದ ಬಳಕೆ. ‘ಹಳ್ಳಿ’ ಎಂದು ಕೊನೆಗೊಳ್ಳುವ ಊರ ಹೆಸರುಗಳು ಘಟ್ಟದ ಮೇಲೆ ಎಣಿಸಲಾರದಷ್ಟಿದ್ದರೂ ಕರಾವಳಿಯಲ್ಲಿ ವಿರಳ. ಒಂದೇ ಸಭೆಯಲ್ಲಿ ಕುಳಿತ ಇಬ್ಬರು ಒಂದೇ ಶಬ್ದದ ಎರಡು ತುದಿಗಳನ್ನು ಹಿಡಿದಿರುತ್ತಾರೆ. ಅದು ಒಂದೇ ಶಬ್ದವೆಂಬುದು ಇಬ್ಬರಿಗೂ ತೋರುವುದಿಲ್ಲ.

ಕನ್ನಡದ ‘ಹಳ್ಳಿ’ ಹಳಗನ್ನಡದ ‘ಪಳ್ಳಿ’ಯಿಂದ ಬಂದುದು. ಪದಾದಿಯ ಪಕಾರವು ಹಕಾರವಾಗುವ ಈ ಮಾರ್ಪಾಡು 10ನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ಬೆಳೆಯುತ್ತ ಬಂದು, 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಅದಕ್ಕೆ ಸ್ಥಾನ ಕೊಡಬೇಕಾದಷ್ಟು ರೂಢವಾಯಿತು. ಆದರೆ ಸಮಾಸದ ನಡುವೆ ಬಂದಾಗ ಇದೇ ಪಕಾರ ಅದಕ್ಕೂ ಬಹಳ ಮೊದಲೇ ವಕಾರವಾಗುತ್ತಿದ್ದಿತು. ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ, 5ನೆಯ ಶತಮಾನದ ನಡುವಣದೆಂದು ಸಾಮಾನ್ಯವಾಗಿ ಎಣಿಸಲಾಗುವ ಹಲ್ಮಿಡಿಯ ಶಾಸನದಲ್ಲಿ ದಾನವಾಗಿ ಕೊಟ್ಟ ಊರುಗಳಲ್ಲೊಂದರ ಹೆಸರು ‘ಮೂಳಿವಳ್ಳಿ’. ಕನ್ನಡದ ಅತಿ ಪ್ರಾಚೀನವಾದ ಬರಹಗಳಲ್ಲೊಂದರಲ್ಲಿಯೇ ‘ಪಳ್ಳಿ’ಯು ‘ವಳ್ಳಿ’ಯ ವೇಷದಲ್ಲಿ ಕಾಣಿಸಿಕೊಳ್ಳುವುದು ಗಮನಾರ್ಹವಾದುದು. ಈ ವೇಷಾಂತರದಿಂದಲೇ ಮುಂದೆ ಜನರ ಬಾಯಲ್ಲಿ ಚೆಂದದ ಕಥೆಗಳು ಹುಟ್ಟಿದವು. ‘ಹುಬ್ಬಳ್ಳಿ’ಯನ್ನು ಹೂವಿನ ಬಳ್ಳಿಯೆಂದು ಬಿಡಿಸುವುದು ಜನಪ್ರಿಯವಾಗಿದೆ. ‘ಶಿವಳ್ಳಿ’ಯಲ್ಲಿ ಬೆಳ್ಳಿಯನ್ನು ಕಂಡವರುಂಟು, ಉಡುಪಿಯು ಸಂಸ್ಕೃತದಲ್ಲಿ ರಜತಪೀಠಪುರವಾದುದರ ಜೊತೆಗೆ ಈ ಬೆಳ್ಳಿ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಇಂಥ ವಿವರಣೆಗಳನ್ನು ಹಾಸ್ಯ ಮಾಡಬೇಕಾಗಿಲ್ಲ. ಅರ್ಥ ಮರೆತುಹೋದ ಶಬ್ದಕ್ಕೆ ಜನ ಹೊಸ ಅರ್ಥವನ್ನು ತೊಡಿಸುತ್ತಾರೆ, ಅಷ್ಟೆ.

ತಮಿಳಿಗೆ ಬಂದರೆ ಅರ್ಥದ ಹರಹು ಬೆರಗು ಹುಟ್ಟಿಸುವಂಥದು. ಅಲ್ಲಿ ‘ಪಳ್ಳಿ’ಗೆ ಗೊಲ್ಲರ ಕೇರಿ, ಚಿಕ್ಕ ಊರು, ಋಷ್ಯಾಶ್ರಮ, ಜೈನ ಬೌದ್ಧರ ಆಲಯ, ಶಾಲೆ, ಮಲಗುವ ಎಡೆ, ನಿದ್ರೆ ಎಂಬ ಅರ್ಥಗಳೆಲ್ಲ ಇವೆ. ದೇವಾಲಯದ ಶಯನಗೃಹವು ‘ಪಳ್ಳಿಯರೈ’. ದೇವರನ್ನು ನಿದ್ರೆಯಿಂದ ಎಬ್ಬಿಸುವ ಸುಪ್ರಭಾತದ ಹಾಡು ‘ತಿರುಪ್ಪಳ್ಳಿಯೆಳುಚ್ಚಿ’. ಈ ಹೆಸರಿನ ಕೃತಿಗಳನ್ನು ಶೈವರಲ್ಲಿ ಮಾಣಿಕ್ಕವಾಚಕರೂ ವೈಷ್ಣವರಲ್ಲಿ ತೊಂಡರಡಿಪ್ಪೊಡಿ ಆಳ್ವಾರರೂ ರಚಿಸಿದ್ದಾರೆ. ಚೋಳರ ಕಾಲದಲ್ಲಿ ಜೈನ ಬೌದ್ಧ ಸಂಸ್ಥೆಗಳಿಗೆ ಬಿಟ್ಟ ಭೂಮಿಗೆ ‘ಪಳ್ಳಿಚ್ಚಂದಂ’ ಎಂಬುದು ಕಂದಾಯದ ಪಾರಿಭಾಷಿಕ ಹೆಸರಾಗಿತ್ತು. ನಾಗಪಟ್ಟಣದ ಬೌದ್ಧ ವಿಹಾರಗಳನ್ನು ಶಾಸನಗಳು ‘ರಾಜರಾಜಪ್ಪೆರುಂಪಳ್ಳಿ’, ‘ರಾಜೇಂದ್ರಚೋಳಪ್ಪೆರುಂಪಳ್ಳಿ’ ಎಂದು ಕರೆಯುತ್ತವೆ. ಅರಸನ ಸಮಾಧಿಯ ಮೇಲೆ ಕಟ್ಟಿದ ಗುಡಿಯು ‘ಪಳ್ಳಿಪ್ಪಡೈ’. ಮೇಲ್ಪಾಡಿಯಲ್ಲಿ ಮೊದಲನೆಯ ರಾಜರಾಜನು ಅರಿಂಜಯನಿಗಾಗಿ ಕಟ್ಟಿಸಿದುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಶಾಲೆಗೆ ‘ಪಳ್ಳಿಕ್ಕೂಡಂ’ ಎಂಬ ಹೆಸರು ಬಂದುದು ಜೈನ ಮುನಿಗಳು ತಮ್ಮ ವಾಸಸ್ಥಾನಗಳಲ್ಲಿ ಪಾಠ ಹೇಳುತ್ತಿದ್ದುದರಿಂದ ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ.

ಮಲೆಯಾಳದಲ್ಲಿ ಈ ಶಬ್ದ ಮತ್ತೊಂದು ಹೆಜ್ಜೆ ಮುಂದೆ ಹೋಗಿದೆ. ವೈದಿಕೇತರರ ಆರಾಧನಾಸ್ಥಾನವೆಂಬ ಅರ್ಥ ಜೈನ ಬೌದ್ಧರಿಂದ ಕ್ರೈಸ್ತರಿಗೂ ಮುಸಲ್ಮಾನರಿಗೂ ದಾಟಿತು. ಕ್ರಿ. ಶ. 849ರ ಕೊಲ್ಲಂ ತಾಮ್ರಪಟಗಳು ಒಂದು ಕ್ರೈಸ್ತ ಆಲಯವನ್ನು ‘ತರಿಸಾಪಳ್ಳಿ’ ಎಂದು ಹೆಸರಿಸುವುದರಿಂದ ಈ ದಾಟು 9ನೆಯ ಶತಮಾನಕ್ಕೆ ಮೊದಲೇ ಆಗಿಹೋಗಿತ್ತೆಂಬುದು ಸಿದ್ಧ. ಇನ್ನೊಂದು ಕಡೆ ಅರಸನ ನಿದ್ರೆ ‘ಪಳ್ಳಿಯುರಕ್ಕಂ’, ಅರಸನ ಬೇಟೆ ‘ಪಳ್ಳಿವೇಟ್ಟ’, ಸ್ನಾನ ‘ಪಳ್ಳಿನೀರಾಟ್ಟು’. ಇಲ್ಲಿ ‘ಪಳ್ಳಿ’ ಕೇವಲ ಗೌರವಸೂಚಕವಾದ ಉಪಪದ. ನಿದ್ರೆಗೆ ಹತ್ತಿದ ಶಬ್ದವು ಬೇಟೆಗೂ ಸ್ನಾನಕ್ಕೂ ಹೇಗೆ ಹತ್ತಿತು? ಅರಸನ ಮಂಚವೇ ಅರಸುತನದ ಗುರುತಾಗಿ, ಆ ಮೇಲೆ ಅರಸನಿಗೆ ಸೇರಿದುದೆಲ್ಲಕ್ಕೂ ಅದು ಮುದ್ರೆಯಾಯಿತೆಂದು ತಿಳಿಯುವುದೇ ಸರಳವಾದ ಉತ್ತರ.

ಹಾಗಾದರೆ ಹಾಸಿಗೆ, ಗುಹೆ, ಮಠ, ಶಾಲೆ, ಸಮಾಧಿ, ಮಸೀದಿ, ಹಳ್ಳಿ ಇವೆಲ್ಲಕ್ಕೂ ತಾಯಿಯಾಗಬಲ್ಲ ಅರ್ಥ ಯಾವುದು? ಕನ್ನಡಿಗರು ಸಾಮಾನ್ಯವಾಗಿ ‘ಹಳ್ಳಿ’ಯಿಂದ ಹೊರಟು ಉಳಿದವುಗಳನ್ನು ಅದರ ಕವಲುಗಳೆಂದು ಬಗೆಯುತ್ತಾರೆ. 1894ರಲ್ಲಿ ಮಂಗಳೂರಿನಿಂದ ಹೊರಬಿದ್ದ ಕಿಟ್ಟೆಲರ ಕೋಶವನ್ನು ತೆರೆದವನ ಮನಸ್ಸಿನಲ್ಲಿಯೂ ನೆಲೆ, ಗ್ರಾಮ ಎಂಬ ಅರ್ಥಗಳೇ ನಿಲ್ಲುತ್ತವೆ. ಆದರೆ ಚಿಕ್ಕ ಊರೆಂಬ ಅರ್ಥದಿಂದ ಹೊರಟರೆ ದೇವರ ನಿದ್ರೆಗೂ ಅರಸನ ಸಮಾಧಿಗೂ ತಲಪುವ ಮೆಟ್ಟಿಲುಗಳು ಕಾಣುವುದಿಲ್ಲ. ‘ಪಳ್ಳ’ ಎಂದರೆ ತಗ್ಗು, ಹಳ್ಳ; ಹಳ್ಳದ ದಡದಲ್ಲಿ ಹುಟ್ಟಿದ ಊರು ‘ಹಳ್ಳಿ’ ಎಂಬ ವ್ಯುತ್ಪತ್ತಿಯೂ ಇದೇ ಕಾರಣದಿಂದ ನಿಲ್ಲಲಾರದು. ಕಿವಿಗೆ ಅದು ಒಪ್ಪಿದಷ್ಟು ಅರ್ಥಕ್ಕೆ ಒಪ್ಪುವುದಿಲ್ಲ. ‘ಮಲಗುವ ಎಡೆ, ತಂಗುವ ಎಡೆ’ ಎಂಬಲ್ಲಿಂದ ಹೊರಟರೆ ಮಾತ್ರ ಎಲ್ಲ ದಾರಿಗಳೂ ತೆರೆಯುತ್ತವೆ: ದನಗಾಹಿ ರಾತ್ರಿ ತಂಗಿದ ಎಡೆ ಹಟ್ಟಿಯಾಗಿ ಊರಾಗುತ್ತದೆ, ಮುನಿ ಮಲಗಿದ ಗುಹೆ ಮಠವಾಗಿ ಆಲಯವಾಗುತ್ತದೆ, ಅರಸ ಮಲಗಿದ ಎಡೆ ಮಂಚವಾಗಿ, ಅವನ ಕೊನೆಯ ಮಲಗು ಸಮಾಧಿಯಾಗುತ್ತದೆ.

ಪ್ರಾಚೀನತಮ ಲಿಖಿತ ಸಾಕ್ಷ್ಯವೂ ಇದಕ್ಕೆ ಅನುಕೂಲವಾಗಿದೆ. ಮಧುರೆಯ ಬಳಿಯ ಮಾಂಗುಳದ ತಮಿಳು ಬ್ರಾಹ್ಮೀ ಶಾಸನಗಳು ಕ್ರಿಸ್ತಪೂರ್ವ 2ನೆಯ ಶತಮಾನದವೆಂದು ಎಣಿಸಲ್ಪಟ್ಟಿವೆ. ಇವುಗಳನ್ನೂ ಇಂಥ ಇತರ ಗುಹಾಶಾಸನಗಳನ್ನೂ ಐರಾವತಂ ಮಹಾದೇವನ್ ಅವರು 2003ರ ತಮ್ಮ ಬೃಹತ್ ಗ್ರಂಥದಲ್ಲಿ ಸಂಪಾದಿಸಿದ್ದಾರೆ. ಅಲ್ಲಿ ‘ಪಳಿ’ ಎಂಬ ರೂಪದಲ್ಲಿ ಬರುವ ಶಬ್ದವು ಸೂಚಿಸುವುದು ಜೈನ ಮುನಿಗಳಿಗೆ ದಾನವಾಗಿ ಸಿದ್ಧಗೊಳಿಸಿದ ಬೆಟ್ಟದ ವಾಸಸ್ಥಾನವನ್ನು. ಇಂಥ ಗುಹೆಗಳಲ್ಲಿ ಬಂಡೆಯನ್ನೇ ನಯಗೊಳಿಸಿ, ತಲೆದಿಂಬನ್ನೂ ಕಡೆದು ಮಾಡಿದ ಶಿಲಾಶಯ್ಯೆಗಳು ಇಂದಿಗೂ ಇವೆ. ತಿರುಚಿರಾಪ್ಪಳ್ಳಿಯ ಬಂಡೆಯಲ್ಲಿಯೂ ಅಂಥವೇ ಶಯ್ಯೆಗಳುಂಟು. ಆದರೂ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೊದಲು ಬರಹಕ್ಕೆ ಬಂದ ಅರ್ಥವೇ ಮೊದಲು ಹುಟ್ಟಿದ ಅರ್ಥವೆನ್ನಲು ಬಾರದು. ದನಗಾಹಿಗಳು ಬಂಡೆಯ ಮೇಲೆ ಶಾಸನ ಬರೆಸುವವರಲ್ಲ. ‘ಪಳ್ಳಿ’ಯನ್ನು ‘ಪಡು’ (ಮಲಗು, ಬೀಳು) ಧಾತುವಿಗೆ ಕಟ್ಟುವ ಆಸೆಯೂ ಹಾಗೆಯೇ. ಅರ್ಥ ಹೊಂದುತ್ತದೆ, ಆದರೆ ಡಕಾರವು ಳಕಾರದ್ವಿತ್ವವಾಗುವುದನ್ನು ನಿಯಮಬದ್ಧವಾಗಿ ತೋರಿಸಿದ ಹೊರತು ಅದು ಊಹೆಯೇ. 1961ರಲ್ಲಿ ಮೊದಲು ಪ್ರಕಟವಾಗಿ 1984ರಲ್ಲಿ ಪರಿಷ್ಕೃತವಾದ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಬರೋ ಮತ್ತು ಎಮನೋ ಅವರು ಇವೆರಡನ್ನೂ ಬೇರೆ ಬೇರೆ ನಮೂದುಗಳಲ್ಲಿ ಇಟ್ಟಿರುವುದು ವಿವೇಕದ ಕೆಲಸ.

ಮಲಗುವ ಎಡೆಯಿಂದ ಊರಿನವರೆಗಿನ ಈ ಪಯಣ ದ್ರಾವಿಡಕ್ಕೇ ಸೀಮಿತವಾದುದಲ್ಲ. ಇಂಗ್ಲಿಷಿನ ‘ಹೋಮ್’, ಜರ್ಮನಿನ ‘ಹೈಮ್’ ಶಬ್ದಗಳ ಪ್ರಾಚೀನ ಜ್ಞಾತಿಯಾದ ಗಾಥಿಕ್ ಭಾಷೆಯ ‘ಹೈಮ್ಸ್’ ಎಂಬುದಕ್ಕೆ ಮನೆಯೆಂಬ ಅರ್ಥವಲ್ಲ, ಹಳ್ಳಿಯೆಂಬ ಅರ್ಥ. 4ನೆಯ ಶತಮಾನದ ಬೈಬಲ್ ಅನುವಾದದಲ್ಲಿ ಅದು ಗ್ರೀಕಿನ ‘ಕೋಮೆ’, ಅಂದರೆ ಗ್ರಾಮ, ಎಂಬುದರ ಸ್ಥಾನದಲ್ಲಿ ನಿಂತಿದೆ. ಪ್ರಾಚೀನ ನಾರ್ಸ್ ಭಾಷೆಯ ‘ಹೈಮ್ರ್’ ನೆಲೆಯೆಂಬ ಅರ್ಥವನ್ನು ದಾಟಿ ಲೋಕವೆಂಬ ಅರ್ಥಕ್ಕೆ ಏರಿತು. ಐಸ್‌ಲೆಂಡಿನವರು ಇಂದಿಗೂ ಜಗತ್ತನ್ನು ‘ಹೈಮುರ್’ ಎನ್ನುತ್ತಾರೆ. ಇವೆಲ್ಲದರ ಮೂಲವನ್ನು ವಿದ್ವಾಂಸರಲ್ಲಿ ಹಲವರು ‘ಮಲಗು’ ಎಂಬ ಅರ್ಥದ, ಸಂಸ್ಕೃತದ ‘ಶೇತೇ’ಯಲ್ಲಿ ಕಾಣುವ ಧಾತುವಿಗೆ ಒಯ್ಯುತ್ತಾರೆ, ಕೆಲವರು ‘ವಾಸಿಸು’ ಎಂಬ ಅರ್ಥದ ‘ಕ್ಷೇತಿ’ಯ ಧಾತುವನ್ನು ಎತ್ತಿಹಿಡಿಯುತ್ತಾರೆ. ಇತ್ತ ‘ಪಳ್ಳಿ’ಯು ಮಂಚದಿಂದ ಮಸೀದಿಯವರೆಗೆ ಹೋದರೆ, ಅತ್ತ ‘ಹೈಮ್’ ಗ್ರಾಮದಿಂದ ಜಗತ್ತಿನವರೆಗೆ ಹೋಯಿತು.

ಆ ಕಡೆಯ ಸ್ಥಳನಾಮಶಾಸ್ತ್ರದಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಇಂಗ್ಲೆಂಡಿನ ಊರ ಹೆಸರುಗಳ ಕೊನೆಯ ‘ಹ್ಯಾಮ್’ ಇಂದು ಒಂದೇ ರೀತಿ ಕೇಳಿಸಿದರೂ ಬರ್ಮಿಂಗ್‌ಹ್ಯಾಮಿನದು ನೆಲೆಯೆಂಬ ಅರ್ಥದ ‘ಹಾಮ್’, ಬಕಿಂಗ್‌ಹ್ಯಾಮಿನದು ನದೀತಿರುವಿನ ನೆಲವೆಂಬ ಅರ್ಥದ ‘ಹಮ್ಮ್’. ಇವನ್ನು ಬಿಡಿಸಿದುದು ಹಳೆಯ ದಾಖಲೆಗಳಲ್ಲಿನ ಬರಹ, ಇಂದಿನ ಉಚ್ಚಾರಣೆಯಲ್ಲ. ಮುಂಬಯಿಯ ‘ವಲಿ’ಗಳನ್ನು ಕುರಿತು ಮಾತನಾಡುವಾಗ ಇದನ್ನು ಮರೆಯಬಾರದು.

ಕನ್ನಡದಲ್ಲಿ ಮಾತ್ರ ಆಲಯದ ಅರ್ಥ ಏಕೆ ಬೇರೂರಲಿಲ್ಲ? ಕರ್ಣಾಟಕದಲ್ಲಿ ಜೈನಧರ್ಮದ ಪ್ರಾಬಲ್ಯ ತಮಿಳುನಾಡಿಗಿಂತ ಹೆಚ್ಚೇ ಇದ್ದಿತು. ಉತ್ತರವು ‘ಬಸದಿ’ ಎಂಬ ಶಬ್ದದಲ್ಲಿದೆಯೆಂದು ತೋರುತ್ತದೆ. ‘ಬಸದಿ’ ಸಂಸ್ಕೃತದ ‘ವಸತಿ’ಯ ತದ್ಭವ; ವಸತಿಯೆಂದರೂ ತಂಗುವ ಎಡೆಯೇ. ಮುನಿಗಳ ತಂಗುದಾಣವು ಜಿನಾಲಯವಾಗುವ ಅರ್ಥವಿಕಾಸವೇ ಇಲ್ಲಿ ಇನ್ನೊಂದು ಶಬ್ದದ ಮೇಲೆ ನಡೆಯಿತು. ಆ ಪೀಠವನ್ನು ‘ಬಸದಿ’ ಹಿಡಿದುದರಿಂದ ‘ಪಳ್ಳಿ’ಗೆ ಒಕ್ಕಲುಮಕ್ಕಳ ನೆಲೆಯಷ್ಟೇ ಉಳಿಯಿತು. ತೆಲುಗಿನ ‘ಪಲ್ಲೆ’ಯೂ ಬಹುಮಟ್ಟಿಗೆ ಇದೇ ಹಾದಿಯದು.

ಇನ್ನು ಈ ಶಬ್ದ ಉತ್ತರಕ್ಕೆ ಹೋದ ಬಗೆ. ಸಂಸ್ಕೃತ ಕೋಶಗಳಲ್ಲಿ ‘ಪಲ್ಲೀ’ ಶಬ್ದಕ್ಕೆ ಚಿಕ್ಕ ಊರು, ಕಾಡುಜನರ ನೆಲೆ ಎಂಬುದಲ್ಲದೆ ಮನೆಯ ಗೋಡೆಯ ಮೇಲಿನ ಹಲ್ಲಿ ಎಂಬ ಅರ್ಥವೂ ಇದೆ. ಊರಿಗೂ ಹಲ್ಲಿಗೂ ಏನು ಸಂಬಂಧ? ಸಂಬಂಧವೇ ಇಲ್ಲ. ದ್ರಾವಿಡದಲ್ಲಿ ಊರು ‘ಪಳ್ಳಿ’, ಪ್ರಾಣಿ ‘ಪಲ್ಲಿ’; ಳಕಾರ ಲಕಾರಗಳ ಭೇದ ಸ್ಪಷ್ಟ. ಳಕಾರವಿಲ್ಲದ ಲೌಕಿಕ ಸಂಸ್ಕೃತಕ್ಕೆ ಎರಡೂ ಸಾಲವಾಗಿ ಹೋದಾಗ ಒಂದೇ ಖಾತೆಯಲ್ಲಿ ಜಮೆಯಾದವು. ಸಾಲವೆಂಬುದಕ್ಕೆ ಇದಕ್ಕಿಂತ ಚೊಕ್ಕವಾದ ರುಜುವಾತು ಬೇಡ. 11ನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಶಬರರ, ಭಿಲ್ಲರ ಪಲ್ಲಿಗಳು ಮತ್ತೆ ಮತ್ತೆ ಬರುತ್ತವೆ. ಬಂಗಾಳಿಯಲ್ಲಿ ‘ಪಲ್ಲೀ’ ಎಂಬುದು ಗ್ರಾಮಕ್ಕೆ ಇರುವ ಗೌರವದ ಶಬ್ದ, 1916ರ ಶರತ್‌ಚಂದ್ರರ ‘ಪಲ್ಲೀಸಮಾಜ’ವನ್ನು ಬಲ್ಲವರಿಗೆ ಇದು ಹೊಸತಲ್ಲ. ಬಂಗಾಳದ ಪಲ್ಲಿಗಳಿಗೆ ಕನ್ನಡಿಗರು ಹೋಗಿ ಹೆಸರಿಟ್ಟರೆಂದು ಯಾರೂ ಹೇಳುವುದಿಲ್ಲ.

ಬೋರಿವಲಿಯನ್ನು ನಿರ್ಣಯಿಸಬೇಕಾದುದು ಇಲ್ಲಿಯೇ. ಈ ಹೆಸರುಗಳ ಪೂರ್ವಪದಗಳನ್ನು ನೋಡಿದರೆ ಕನ್ನಡಿಗನಿಗೆ ಆಪ್ತತೆ ಮೂಡುವುದು ನಿಜ. ‘ಬೋರ’ ಎಂದರೆ ಎಲಚಿ; ಬೋರಿವಲಿ ಹೊರನೋಟಕ್ಕೆ ಬೆಂಗಳೂರಿನ ಯಲಚೇನಹಳ್ಳಿಯೇ. ಆಂಬಿವಲಿ ಒಂದು ಮಾವಳ್ಳಿ, ಚಿಂಚವಲಿಯಲ್ಲಿ ಹುಣಿಸೆಯಿದೆ. ಆದರೆ ಪರೀಕ್ಷಿಸಬೇಕಾದುದು ಉತ್ತರಪದ. ಅದಕ್ಕೆ ‘ಆವಲಿ’ (ಸಾಲು) ಎಂಬ ಮೂಲವನ್ನೂ ಹೇಳುವುದುಂಟು: ಬೋರಿಯ ಮರಗಳ ಸಾಲು ಬೋರಿವಲಿ. ಮರಾಠಿಯ ಧ್ವನಿನಿಯಮ ಇದನ್ನು ಒಪ್ಪುವುದಿಲ್ಲ. ಸ್ವರಗಳ ನಡುವಣ ಒಂಟಿ ಲಕಾರವು ಮರಾಠಿಯಲ್ಲಿ ಳಕಾರವಾಗುತ್ತದೆ: ಫಲವು ಫಳ, ಕಾಲವು ಕಾಳ, ದೀಪಾವಲಿಯೇ ದಿವಾಳೀ, ಆವಲಿಯೇ ‘ಓಳ’. ಲಕಾರದ ದ್ವಿತ್ವವು ಒಂಟಿ ಲಕಾರವಾಗಿ ಉಳಿಯುತ್ತದೆ: ಫುಲ್ಲವು ಫೂಲ, ಗಲ್ಲವು ಗಾಲ. ಬೋರಿವಲೀ, ಡೋಂಬಿವಲೀ, ಕಣಕವಲೀ, ದಾಪೋಲೀ ಇವೆಲ್ಲ ಲಕಾರವುಳ್ಳವು. ಆದುದರಿಂದ ಇವುಗಳ ಹಿಂದೆ ‘ಲ್ಲಿ’ ಇರಬೇಕು, ‘ಲಿ’ ಅಲ್ಲ. ಪದಾದಿಯ ಪಕಾರವು ಪ್ರಾಕೃತದಲ್ಲಿ ಉಳಿಯುವುದರಿಂದ ಒಂಟಿಯಾಗಿ ನಿಂತ ‘ಪಲ್ಲೀ’ಯು ‘ಪಾಲೀ’ಯಾಗಬೇಕು; ಬಾಂದ್ರಾದ ಪಾಲಿಯೂ ರಾಯಗಡ ಜಿಲ್ಲೆಯ ಬಲ್ಲಾಳೇಶ್ವರನ ಪಾಲಿಯೂ ಅಂಥವು. ಸಮಾಸದ ನಡುವೆ ಪಕಾರವು ವಕಾರವಾಗುವುದು, ಮೇಲೆ ಹೇಳಿದ ದಿವಾಳಿಯಲ್ಲಿ ಕಂಡಂತೆ, ಪ್ರಾಕೃತದ ಸ್ವಂತ ನಿಯಮ. ಮೂಳಿವಳ್ಳಿಯ ನೆರವು ಅದಕ್ಕೆ ಬೇಕಿಲ್ಲ.

ಕನ್ನಡದಿಂದ ನೇರವಾಗಿ ಬಂದಿದ್ದರೆ ರೂಪ ಹೇಗಿರುತ್ತಿತ್ತು? ಅದಕ್ಕೂ ಉತ್ತರ ಕೈಯಲ್ಲೇ ಇದೆ. ಮರಾಠಿಗರು ಹುಬ್ಬಳ್ಳಿಯನ್ನು ‘ಹುಬಳೀ’ ಎಂದು ಬರೆಯುತ್ತಾರೆ, ‘ಹುಬಲೀ’ ಎಂದಲ್ಲ. ಳಕಾರವು ಮರಾಠಿಗೆ ಪರಕೀಯವಲ್ಲದ ಕಾರಣ ಕನ್ನಡದ ಬಾಯಿಂದ ಕೇಳಿದ ‘ಳ್ಳಿ’ಯನ್ನು ಲಕಾರವಾಗಿಸುವ ಅಗತ್ಯ ಅದಕ್ಕಿಲ್ಲ. ಬೋರಿವಲಿಯ ಲಕಾರವು ಆ ಶಬ್ದ ಸಂಸ್ಕೃತ ಪ್ರಾಕೃತಗಳ ‘ಪಲ್ಲಿ’ಯ ಮೂಲಕ ಬಂದುದನ್ನು ಸೂಚಿಸುತ್ತದೆ. ಉತ್ತರ ಕೊಂಕಣದ ಆಗರಿ, ಕೋಳಿ ಜನರ ಮಾತಿನಲ್ಲಿ ಳಕಾರವು ಲಕಾರವಾಗುವುದುಂಟು, ಆದುದರಿಂದ ಈ ಲಕಾರ ಸ್ಥಳೀಯ ಉಚ್ಚಾರದ ಫಲವಾಗಿರಬಹುದೆಂದು ಆಕ್ಷೇಪಿಸಬಹುದು. ಆಕ್ಷೇಪ ತೂಕವುಳ್ಳದ್ದೇ. ಆದರೆ ಪನವೇಲಿನ ಸಮೀಪದ ‘ಕಳಂಬೋಲೀ’ಯಲ್ಲಿ ಕದಂಬವೃಕ್ಷದ ‘ಕಳಂಬ’ವು ಳಕಾರವನ್ನುಳಿಸಿಕೊಂಡಿದೆ, ಕೊನೆಯ ‘ಓಲೀ’ ಲಕಾರದ್ದಾಗಿದೆ. ಬರಹದಲ್ಲಿಯಾದರೂ ಎರಡು ಧ್ವನಿಗಳನ್ನು ಬೇರೆಯಾಗಿಯೇ ಇರಿಸಿಕೊಂಡ ಹೆಸರದು. ಅಲ್ಲದೆ ಕಣಕವಲಿ, ದಾಪೋಲಿಗಳು ಆ ಮಾತಿನ ಸೀಮೆಯಿಂದ ದಕ್ಷಿಣಕ್ಕೆ ದೂರದಲ್ಲಿವೆ.

ಕೊಂಕಣದಲ್ಲಿ ಕನ್ನಡದ ಪ್ರಭಾವವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ರಾಷ್ಟ್ರಕೂಟರ ಮಾಂಡಲಿಕರಾಗಿ ಆರಂಭಿಸಿದ ಶಿಲಾಹಾರರ ಬಿರುದುಗಳಲ್ಲಿ ‘ನನ್ನಿಸಮುದ್ರ’, ‘ಮಲಗಲಗಂಡ’ ಮುಂತಾದ ಅಚ್ಚಗನ್ನಡ ಮಾತುಗಳಿವೆ, ವಾ. ವಿ. ಮಿರಾಶಿಯವರು 1977ರಲ್ಲಿ ಪ್ರಕಟಿಸಿದ ಶಿಲಾಹಾರ ಶಾಸನಸಂಪುಟವನ್ನು ನೋಡಿದವರಿಗೆ ಅಯ್ಯಾಂತವಾದ ಅಮಾತ್ಯರ ಹೆಸರುಗಳೂ ಸಿಗುತ್ತವೆ. ಆದರೆ ಅರಮನೆಯ ಬಿರುದು ಒಂದು ಸ್ತರ, ಎಲಚಿಯ ಮರದ ಬುಡದಲ್ಲಿ ಹಟ್ಟಿ ಹಾಕಿದವರ ಮಾತು ಮತ್ತೊಂದು. ಮೊದಲನೆಯದರ ಸಾಕ್ಷ್ಯವನ್ನು ಎರಡನೆಯದರ ಲೆಕ್ಕಕ್ಕೆ ವರ್ಗಾಯಿಸುವುದು ಸರಿಯಲ್ಲ.

ಕನ್ನಡದ ಪ್ರಾಚೀನ ವಿಸ್ತಾರವನ್ನು ಊರ, ಜನರ ಹೆಸರುಗಳಿಂದ ಅರಸುವ ದಾರಿಯನ್ನು ದಿಟ್ಟತನದಿಂದ ತೆರೆದವರು ಶಂ. ಬಾ. ಜೋಶಿಯವರು (1896–1991). ಮಹಾರಾಷ್ಟ್ರದ ತಳಪಾಯದಲ್ಲಿ ಕನ್ನಡವನ್ನು ಕಂಡ ಅವರ ನೋಟ ಕಸುವುಳ್ಳದ್ದು. ಅದರಿಂದ ಮರಾಠೀ ವಿದ್ವಾಂಸರೂ ಪ್ರಚೋದಿತರಾದರು. ಆದರೆ ಅವರ ಬರಹಗಳಲ್ಲಿ ‘ಇದು ದ್ರಾವಿಡ’ ಎಂಬಲ್ಲಿಂದ ‘ಇದು ಕನ್ನಡ’ ಎಂಬಲ್ಲಿಗೆ ನೆಗೆಯುವ ಘಟ್ಟಗಳಿವೆ. ಅವರ ಪ್ರತಿಭೆ ಆ ನೆಗೆತವನ್ನು ತಾಳಿಕೊಂಡಿತು. ಅನುಕರಿಸುವವರ ಕೈಯಲ್ಲಿ ಅದು ಬರಿಯ ರೂಢಿಯಾಯಿತು. ವಿಶ್ವನಾಥ ಖೈರೆಯವರು ಅದೇ ಮರಾಠಿಯ ತಳದಲ್ಲಿ ತಮಿಳನ್ನು ಕಂಡುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ವಿಧಾನದ ಸಡಿಲ ತಾನಾಗಿ ಗೋಚರಿಸುತ್ತದೆ: ‘ಪಳ್ಳಿ’ಯಂಥ ಸಾಮಾನ್ಯ ದ್ರಾವಿಡ ಶಬ್ದವನ್ನು ಹಿಡಿದು ಎರಡು ಹಕ್ಕುಗಳನ್ನೂ ಅಷ್ಟೇ ಸುಲಭವಾಗಿ ಮಂಡಿಸಬಹುದು. 1956ರ ರಾಜ್ಯ ಪುನರ್ವಿಂಗಡಣೆಯ ಅನಂತರ, 1967ರ ಮಹಾಜನ ಆಯೋಗದ ವರದಿಯ ಹಿಂದೆ ಮುಂದೆ, ಗಡಿಯ ಎರಡು ಕಡೆಯವರೂ ಊರ ಹೆಸರುಗಳನ್ನು ಭೂಮಿಯ ಪತ್ರಗಳಂತೆ ಬೀಸಾಡಿದ್ದುಂಟು. ಟಂಕಸಾಲೆ ಎಲ್ಲಿಯದೆಂಬುದು ನಾಣ್ಯದ ಮೇಲೆ ಕಾಣುತ್ತದೆ. ಅದನ್ನು ಕೊನೆಗೆ ಖರ್ಚು ಮಾಡಿದವನ ಹೆಸರು ಕಾಣುವುದಿಲ್ಲ.

ಎಲ್ಲ ‘ಲಿ’, ‘ಲೆ’ಗಳನ್ನೂ ಈ ಪಟ್ಟಿಗೆ ಸೇರಿಸುವಂತೆಯೂ ಇಲ್ಲ. ಪಾರ್ಲೆಯನ್ನು ಪಳ್ಳಿಗೆ ಕಟ್ಟುವ ಹಂಬಲಕ್ಕೆ ‘ರ್ಲ’ ಎಂಬ ಸಂಯುಕ್ತಾಕ್ಷರವೇ ಅಡ್ಡಿ. ದ್ವಿತ್ವದ ‘ಲ್ಲ’ವು ಮರಾಠಿಯಲ್ಲಿ ರೇಫವನ್ನು ಪಡೆಯುವುದಿಲ್ಲ. ಅಲ್ಲಿ ಪ್ರಾಚೀನವಾದ ಎರಡು ಊರುಗಳ ಹೆಸರು ಜೋಡಿಯಾಗಿವೆ, ವಿರ್ಲೇಶ್ವರ ಪಾರ್ಲೇಶ್ವರರೆಂಬ ಎರಡು ದೇವರುಗಳೂ ಇದ್ದಾರೆ; ಅವುಗಳ ನಿಷ್ಪತ್ತಿಯನ್ನು ಬೇರೆಯಾಗಿಯೇ ವಿಚಾರಿಸಬೇಕು. ಇನ್ನು ವಿಕ್ರೋಳಿ. ರೈಲು ನಿಲ್ದಾಣದ ಮರಾಠೀ ಫಲಕದಲ್ಲಿ ಅದು ಳಕಾರದಿಂದ ಬರೆಯಲ್ಪಟ್ಟಿದೆ. ಸುತ್ತಮುತ್ತಲಿನ ಐರೋಲೀ, ಘಣಸೋಲೀಗಳ ನಡುವೆ ಈ ಒಂದು ಳಕಾರ ಎದ್ದು ಕಾಣುತ್ತದೆ. ಮೇಲಿನ ನಿಯಮದಂತೆ ಅದು ಪಲ್ಲಿಯಾಗಿರದೆ ಆವಲಿಯಾಗಿರಬಹುದು, ಅಥವಾ ಬರೆದ ಗುಮಾಸ್ತನ ಕಿವಿಯ ಕೆಲಸವಾಗಿರಬಹುದು. ಶಿಲಾಹಾರರ ತಾಮ್ರಪಟಗಳಿಂದ ಪೋರ್ಚುಗೀಸರ ಭೂದಾಖಲೆಗಳವರೆಗೆ ಈ ಊರುಗಳ ಹೆಸರನ್ನು ಒಂದೊಂದಾಗಿ ಹೆಕ್ಕಿ, ಕಾಲಾನುಕ್ರಮವಾಗಿ ಜೋಡಿಸಿ ನೋಡಿದಲ್ಲಿ ವಿಕ್ರೋಳಿಯ ಳಕಾರವನ್ನು ಮೊದಲು ವಿಚಾರಿಸತಕ್ಕದ್ದು.